ಎರಡು ಬೆರಳು ಅಗಲದ ಹಸಿರು

ನಮ್ಮ ಗಂಡಸರು ಉಡುವ ಮುಂಡಿನಲ್ಲಿ, ಅಂದರೆ ಪಂಚೆಯಲ್ಲಿ, ಬಣ್ಣ ಅಂತ ಇರುವುದು ಹೆಚ್ಚೆಂದರೆ ಎರಡು ಬೆರಳು ಅಗಲ. ಉಳಿದದ್ದೆಲ್ಲ ಬಿಳಿ. ಆ ಎರಡು ಬೆರಳು ಹಸಿರಾಗಿದ್ದರೆ ಎಷ್ಟು ಮಾತು ಕೇಳಬೇಕಾಗುತ್ತದೆ ಅಂತ ಅಕ್ಕನ ಮಗಳ ಮದುವೆಯಲ್ಲಿ ಗೊತ್ತಾಯಿತು. ಜಗಳ ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಎಲ್ಲರೂ ನಗುತ್ತಲೇ ಹೇಳಿದರು. ಆದರೆ ಊಟದ ಪಂಕ್ತಿಯಲ್ಲಿ, ಕೈ ತೊಳೆಯುವಲ್ಲಿ, ಪಾರ್ಕಿಂಗಿನಲ್ಲಿ, ಬೇರೆ ಬೇರೆ ಜನ ಅದನ್ನೇ ಮತ್ತೆ ಮತ್ತೆ ನಗುತ್ತಾ ಹೇಳಿದರೆ ಒಳಗೊಂದು ಕೊರೆತ ಶುರುವಾಗುತ್ತದೆ. ಮದುವೆ ಕಳೆಯಿತು, ಆಲ್ಬಮ್ ಬಂತು, ಮದುಮಗಳಿಗೆ ಈಗ ಮಗುವೂ ಆಗಿದೆ. ಕೊರೆತ ಮಾತ್ರ ಹೋಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ಆಚೆ ಕೂತು ಓದುವವರಿಗೆ ಒಂದೆರಡು ಮಾತು. ಮುಂಡಿನ ಅಂಚಿಗೆ ನಾವು ಕರೆ ಅನ್ನುತ್ತೇವೆ. ಕರೆ ನೋಡಿ ಆಸಾಮಿ ಯಾವ ಕಡೆಯವನು ಅಂತ ಅಂದಾಜು ಮಾಡುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಕೆಂಪು ಕರೆಯಾದರೆ ಪಾರ್ಟಿ. (ನಮ್ಮಲ್ಲಿ ಬರೀ ಪಾರ್ಟಿ ಅಂದರೆ ಮಾರ್ಕ್ಸಿಸ್ಟ್ ಪಾರ್ಟಿ, ಬೇರೆ ವಿಶೇಷಣ ಬೇಡ.) ಕೇಸರಿಯಾದರೆ ಬಿಜೆಪಿ. ಖಾದಿಗೆ ತ್ರಿವರ್ಣದ ಸಪೂರ ಕರೆ ಇದ್ದರೆ ಕಾಂಗ್ರೆಸ್. ಹಸಿರಾದರೆ ಮುಸ್ಲಿಂ ಲೀಗ್. ಬಣ್ಣದಿಂದ ಗೊತ್ತಾಗದಿದ್ದರೆ ಕಟ್ಟಿದ ಬದಿ ನೋಡುವುದು. ಮುಸ್ಲಿಮರು ಮುಂಡಿನ ತುದಿಯನ್ನು ಎಡಕ್ಕೆ ತಂದು ಸಿಕ್ಕಿಸುತ್ತಾರೆ, ಹಿಂದೂಗಳು ಬಲಕ್ಕೆ. ಇಷ್ಟಾದರೆ ಮುಗಿಯಿತು, ಆಸಾಮಿ ಬಾಯಿ ಬಿಡುವುದೇ ಬೇಡ. ನಾನು ಕೂರುವುದು ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ. ಕೌಂಟರಿಗೆ ಬಂದು ನಿಂತ ಮೇಲೆ ಜನರ ಅಂಗಿ ಮಾತ್ರ ಕಾಣುತ್ತದೆ, ಮುಂಡು ಕಾಣುವುದಿಲ್ಲ. ಆದರೆ ಬಾಗಿಲಿನಿಂದ ಕೌಂಟರಿನವರೆಗಿನ ಆ ನಾಲ್ಕು ಹೆಜ್ಜೆಯಲ್ಲಿ ನನ್ನ ಕಣ್ಣು ಕರೆಗೆ ಹೋಗಿ ಬಂದಿರುತ್ತದೆ. ಬೇಕು ಅಂತ ನೋಡುವುದಲ್ಲ. ಹೋಗ್ತದೆ, ಅಷ್ಟೇ.

ಆರಿಸಿದ್ದು ಹೆಂಗಸರು

ಹಸಿರು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಮದುವೆಗೆ ಇನ್ನೂ ಸಮಯ ಇರುವಾಗಲೇ ಅಕ್ಕ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದ್ದಳು. ಗಂಡಸರಿಗೆ ಅದರಲ್ಲಿ ಪ್ರವೇಶ ಇರಲಿಲ್ಲ. ಅಲ್ಲಿ ಮಾತಾಗಿ ನಮ್ಮ ಕಡೆಯ ಹೆಂಗಸರೆಲ್ಲ ಮೆರೂನ್ ಸೀರೆ ಅಂತ ಮೊದಲು ತೀರ್ಮಾನವಾಯಿತಂತೆ. ಆಮೇಲೆ ಹುಡುಗನ ಕಡೆಯವರೂ ಮೆರೂನೇ ಅಂತ ಸುದ್ದಿ ಬಂತು. ರಾತ್ರಿ ಬೆಳಗಾಗುವುದರೊಳಗೆ ಬಾಟಲ್ ಗ್ರೀನ್ ಆಯಿತು. ಅಮ್ಮನ ಪೆಟ್ಟಿಗೆಯಲ್ಲಿ ಹಳೆಯ ಹಸಿರು ಪಟ್ಟೆ ಸೀರೆ ಇತ್ತು, ಅವಳದ್ದು ಖರ್ಚಿಲ್ಲದೆ ಕಳೆಯಿತು. ನನ್ನ ಹೆಂಡತಿಗೆ ಹೊಸದೇ ಆಗಬೇಕಾಯಿತು. ಅದು ಬಂದ ದಿನ ಊಟಕ್ಕೆ ಕೂತಾಗ ಹೇಳಿದಳು, "ನೀವು ಸೋದರ ಮಾವ ಅಲ್ವಾ. ಮದುಮಗಳನ್ನು ಮಂಟಪಕ್ಕೆ ಕರ್ಕೊಂಡು ಬರುವುದು ನೀವೇ. ಎಲ್ಲ ಫೋಟೋದಲ್ಲೂ ಇರ್ತೀರಿ. ಒಂದು ಹಸಿರು ಕರೆಯ ಮುಂಡು ತೆಗೊಳ್ಳಿ, ಮ್ಯಾಚ್ ಆಗ್ತದೆ."

ಹೆಂಗಸರ ಹಸಿರಿಗೆ ನಮ್ಮಲ್ಲಿ ಯಾವ ತಕರಾರೂ ಇಲ್ಲ. ತಕರಾರು ಬಿಡಿ, ಅದು ಶುಭ. ಬಸುರಿಯನ್ನು ಕೂರಿಸಿ ಸೀಮಂತ ಮಾಡುವಾಗ ಹಸಿರು ಸೀರೆ, ಹಸಿರು ಗಾಜಿನ ಬಳೆ. ಮದುಮಗಳ ಕೈಗೂ ಹಸಿರು ಬಳೆ. ಶ್ರಾವಣದಲ್ಲಿ ಹಸಿರು ಉಟ್ಟರೆ ಚಂದ. ಬಂಗಾರದ ಸರ ಹಸಿರಿನ ಮೇಲೆ ಎದ್ದು ಕಾಣುತ್ತದೆ ಅಂತ ಫೋಟೋ ತೆಗೆಯುವವರು ಕೂಡ ಹೇಳುತ್ತಾರೆ. ಐದೂವರೆ ಮೀಟರ್ ಹಸಿರು ಮೈಗೆ ಸುತ್ತಿಕೊಂಡು ಒಬ್ಬಳು ಪೇಟೆಯ ಈ ಕೊನೆಯಿಂದ ಆ ಕೊನೆಯವರೆಗೆ ನಡೆದರೂ ಯಾವ ಪಕ್ಷ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಅವಳ ಗಂಡ ಎರಡು ಬೆರಳು ಹಸಿರು ಸುತ್ತಿಕೊಂಡರೆ ಲೆಕ್ಕ ಶುರು. ಅಂದರೆ ಹಸಿರಿನಲ್ಲಿ ತೊಂದರೆ ಇರಲಾರದು, ಗಂಡಸಿನ ಮೇಲೆ ಬಂದಾಗ ಅದು ಬಾವುಟ ಆಗುತ್ತದೆ. ಯಾಕೆ ಹೀಗೆ ಅನ್ನುವುದೇ ನನಗೆ ಹತ್ತಿಕೊಂಡ ಪ್ರಶ್ನೆ.

ಇನ್ನೊಂದು ವಿಷಯ ನೋಡಿ. ಕೇರಳದ ಕೈಮಗ್ಗ ಅಂದರೆ ಎಲ್ಲರ ಕಣ್ಣಿಗೆ ಬರುವುದು ಕೋರಾ ಬಣ್ಣದ ಬಟ್ಟೆ, ಚಿನ್ನದ ಕರೆ. ಬಾಲರಾಮಪುರ, ಚೇಂದಮಂಗಲಂ, ಕುತ್ತಾಂಪುಳ್ಳಿ ಎಲ್ಲ ಅದೇ. ಅದಕ್ಕೆ ಸೇರದ್ದು ನಮ್ಮ ಕಾಸರಗೋಡು ಸೀರೆ. ಬಣ್ಣದ ನೂಲು, ಗೆರೆ, ಚೌಕುಳಿ. ನೋಡಿದರೆ ಕರ್ನಾಟಕದ ಕಡೆಯದ್ದು ಅನ್ನಬೇಕು. ವಿದ್ಯಾನಗರದ ನೇಕಾರರ ಸಹಕಾರಿ ಸಂಘ 1938ರಲ್ಲಿ ಶುರುವಾದದ್ದು, ಆಗ ನಾವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಸೀರೆ ಮಾತ್ರ ತನ್ನ ಬಣ್ಣ ಬಿಡಲಿಲ್ಲ. 2010ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಬಣ್ಣಕ್ಕೇ ಹೆಸರಾದ ಮಗ್ಗ ಊರಿನಲ್ಲೇ ಇದ್ದು ಗಂಡಸರು ಬಿಳಿ ಉಟ್ಟು ತಿರುಗುವುದು ನಮ್ಮ ಪ್ರಾರಬ್ಧ.

ಬೇರೆಯವರು

ಮುಂಡು ತೆಗೊಳ್ಳಲು ಪೇಟೆಗೆ ಹೋದೆ. ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜವುಳಿ ಅಂಗಡಿ. ಹೆಸರು ಬೇಡ, ಅವರದ್ದೇನೂ ತಪ್ಪಿಲ್ಲ. ಒಳಗೆ ಗಂಡಸರ ವಿಭಾಗದಲ್ಲಿ ಕೆಲಸಕ್ಕಿದ್ದ ಹುಡುಗ ಒಬ್ಬರ ಹತ್ತಿರ ಮಲಯಾಳ, ಒಬ್ಬರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ನಾನು ಬಾಯಿ ಬಿಡುವ ಮೊದಲೇ ಕನ್ನಡ. ಅದು ಹೇಗೆ ಗೊತ್ತಾಗ್ತದೋ ದೇವರೇ ಬಲ್ಲ.

"ಎಂತ ಅಣ್ಣ, ಫಂಕ್ಷನ್ನಿಗಾ? ಡಬಲ್ಲಾ ಸಿಂಗಲ್ಲಾ?"

ಡಬಲ್ ಅಂದೆ. ಫಂಕ್ಷನ್ನಿಗೆ ಡಬಲ್ಲೇ ಆಗಬೇಕು, 3.6ರಿಂದ 4 ಮೀಟರಿನದ್ದು. ಸಿಂಗಲ್ ಎರಡು ಮೀಟರ್, ಮನೆಯಲ್ಲಿ ಉಡಲು ಸಾಕು, ಬೆಳಕಿಗೆ ನಿಂತರೆ ಕಾಲು ಕಾಣುತ್ತದೆ. ಅವನು ಕೇಳದೆಯೇ ಚಿನ್ನದ ಕರೆಯ ರಾಶಿಗೆ ಕೈ ಹಾಕಿದ. ನಾನು ಹಸಿರು ಅಂದೆ. ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದ, ಹಣೆ ನೋಡಿದ, ಮೇಜಿನ ಆಚೆಯಿಂದ ಸ್ವಲ್ಪ ಬಗ್ಗಿ ನಾನು ಉಟ್ಟದ್ದನ್ನೂ ನೋಡಿದ. ಅವತ್ತು ಉಟ್ಟದ್ದು ಕಾಪಿ ಬಣ್ಣದ ಕರೆ, ಬಲಕ್ಕೆ ಕಟ್ಟಿದ್ದು. ಪಾಪ, ಅವನ ಲೆಕ್ಕ ಕೂಡಲಿಲ್ಲ. ಒಂದು ನಿಮಿಷ ಬಿಟ್ಟು ಅಗಲದ ಚಿನ್ನದ ಕರೆಯ ಪಕ್ಕದಲ್ಲಿ ಒಂದು ದಾರದಷ್ಟು ಹಸಿರು ಇರುವುದನ್ನು ತಂದು ಹಾಸಿದ. "ಇದರಲ್ಲಿ ಚಿನ್ನವೂ ಉಂಟು, ಹಸಿರೂ ಉಂಟು ನೋಡಿ. ಒಳ್ಳೆ ಮೂವಿಂಗ್."

"ಚಿನ್ನ ಬೇಡ. ಬರೀ ಹಸಿರು ಇಲ್ವಾ?"

"ಉಂಟು. ಆದ್ರೆ ಅದು ಬೇರೆಯವರು ತೆಗೊಳ್ಳುವುದು."

"ಬೇರೆಯವರು ಅಂದ್ರೆ?"

ನಕ್ಕುಬಿಟ್ಟ. "ಬೇರೆಯವರು ಅಂದ್ರೆ ಬೇರೆಯವರು ಅಣ್ಣ. ನಿಮ್ಗೆ ಬೇಕಾದ್ರೆ ತೆಗೀತೇನೆ, ನಂಗೇನು."

ಆ ರಾಶಿ ಕೆಳಗಿನ ಅರೆಯಲ್ಲಿತ್ತು. ಮೂರು ನಾಲ್ಕು ಬಗೆಯ ಹಸಿರು ಬಂತು. ಗಿಳಿ ಹಸಿರು, ಎಲೆ ಹಸಿರು, ಒಂದು ಪಾಚಿಯ ಬಣ್ಣದ್ದು, ಒಂದು ಬಾಟಲ್ ಗ್ರೀನ್. ಟ್ಯೂಬ್‌ಲೈಟಿನ ಅಡಿಯಲ್ಲಿ ಬಾಟಲ್ ಗ್ರೀನ್ ಕಪ್ಪಾಗಿ ಕಾಣುತ್ತದೆ, ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದೇ ನೋಡಬೇಕು. ಹೆಂಡತಿ ಸೀರೆಯ ಒಂದು ದಾರ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಅದನ್ನು ಕರೆಯ ಮೇಲಿಟ್ಟು ನೋಡಿದೆ. ಇನ್ನೊಂದು ಪಾಠವನ್ನೂ ಅವಳೇ ಹೇಳಿ ಕಳಿಸಿದ್ದು: ಕರ್ಚೀಫಿನ ಮೂಲೆ ಒದ್ದೆ ಮಾಡಿ ಕರೆಯ ಮೇಲೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ವಾಪಸು ಇಡಿ. ಗಿಳಿ ಹಸಿರು ಹತ್ತಿತು. ಬಾಟಲ್ ಗ್ರೀನ್ ಹತ್ತಲಿಲ್ಲ. ಗಂಜಿಯ ವಾಸನೆ ಇನ್ನೂ ಹೋಗದ ಗರಿಗರಿ ಬಟ್ಟೆ, ಮಡಿಕೆ ಬಿಚ್ಚಿದರೆ ಕಾಗದದ ಹಾಗೆ ಸದ್ದು. ಅದಕ್ಕೇ ಹೊಂದುವ ಒಂದು ಶಾಲೂ ಇತ್ತು, ಪೂರ್ತಿ ಹಸಿರು. ಅದನ್ನೂ ತೆಗೊಂಡೆ. ಮಂಟಪದಲ್ಲಿ ಹೆಗಲ ಮೇಲೆ ಏನಾದರೂ ಬೇಕಲ್ಲ. ಬಿಲ್ ಮಾಡುವಾಗ ಕ್ಯಾಶಿನಲ್ಲಿದ್ದ ಹಿರಿಯರು ಮುಂಡು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಅಂಗಡಿ ನಡೆಸಲು ಬರುತ್ತದೆ ಅವರಿಗೆ.

ಒಂದೇ ಹಾಲಿನಲ್ಲಿ ಎರಡು ಹಸಿರು

ಮದುವೆಯ ಬೆಳಿಗ್ಗೆ ಮೊದಲು ಕಂಡದ್ದು ಭಾವ. ಮದುಮಗಳ ಅಪ್ಪ. ಚಿನ್ನದ ಕರೆಯ ಮುಂಡು, ಕೈಯಲ್ಲಿ ಫೋನು, ಅಡಿಗೆಯವರು ಒಂದು ಕಡೆ, ಪುರೋಹಿತರು ಒಂದು ಕಡೆ ಕರೆಯುತ್ತಿದ್ದಾರೆ. ಆ ಗಡಿಬಿಡಿಯಲ್ಲೂ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎಂತ ಮಾರಾಯ, ಲೀಗಿಗೆ ಸೇರಿದ್ದಾ?" ಅಂದ. ನಾನು, "ನಿನ್ನ ಹೆಂಡತಿ ಮಾಡಿದ ಕಲರ್, ಅವಳ ಹತ್ರ ಕೇಳು" ಅಂದೆ. ಭಾವ ನೆಂಟರ ಮಧ್ಯೆ ಇಷ್ಟು ತಮಾಷೆ ಮಾಮೂಲಿ. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದು ಕಿವಿಯ ಹತ್ತಿರ, "ಅಲ್ಲ, ವೀಡಿಯೋ ಎಲ್ಲ ಗ್ರೂಪಿಗೂ ಹೋಗ್ತದೆ. ಕಾರಿನಲ್ಲಿ ನನ್ನ ಇನ್ನೊಂದು ಮುಂಡು ಉಂಟು, ಬೇಕಾದ್ರೆ" ಅಂದ. ಆಗ ಮೊದಲ ಸಲ ಮನಸ್ಸಿಗೆ ನಾಟಿತು. ನೋಡಿದರೆ ಅಕ್ಕ, ಅಮ್ಮ, ನನ್ನ ಹೆಂಡತಿ, ಚಿಕ್ಕಮ್ಮಂದಿರು, ಎಲ್ಲರೂ ತಲೆಯಿಂದ ಕಾಲಿನವರೆಗೆ ಹಸಿರು. ವೀಡಿಯೋದವನು ಅವರ ಮುಂದೆಯೇ ನಿಂತಿದ್ದಾನೆ. ಅವರಿಗೆ ಬದಲಿ ಸೀರೆ ಯಾರೂ ಕಾರಿನಲ್ಲಿ ಇಟ್ಟಿರಲಿಲ್ಲ.

ಮುಂಡು ಬದಲಿಸಲಿಲ್ಲ. ದಿಬ್ಬಣ ಬಂತು. ಹುಡುಗನ ಕಡೆಯವರು ಸುಳ್ಯದ ಆಚೆಯವರು, ಚೆರ್ಕಳ ಜಾಲ್ಸೂರು ರಸ್ತೆಯಲ್ಲಿ ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಕಾಲು ತೊಳೆಯಲು ನೀರು ಕೊಡುವಲ್ಲಿ ನಾನೇ ನಿಂತಿದ್ದೆ. ಹುಡುಗನ ದೊಡ್ಡಪ್ಪ, ಒಳ್ಳೆ ಕೃಷಿಕರು, ಅಡಿಕೆಯ ಹಳದಿ ರೋಗದ ವಿಷಯ ಮಾತಾಡುತ್ತಾ ನನ್ನ ಹೆಗಲಿನ ಶಾಲು ನೋಡಿ ಖುಷಿಯಿಂದ ಕೇಳಿದರು, "ನೀವು ರೈತ ಸಂಘದವರಾ? ಇಲ್ಲೂ ಉಂಟಾ ಸಂಘ?"

ನನಗೆ ನಗು ತಡೆಯಲು ಕಷ್ಟವಾಯಿತು. ಹತ್ತು ಅಡಿ ದೂರದಲ್ಲಿ ನಿಂತ ಭಾವನಿಗೆ ನಾನು ಲೀಗ್, ಇವರಿಗೆ ರೈತ ಸಂಘ. ಇಬ್ಬರೂ ಓದಿದ್ದು ಅದೇ ಬಟ್ಟೆಯನ್ನು. ಇಬ್ಬರ ಓದಿಗೂ ಅವರವರ ಊರಿನಲ್ಲಿ ಕಾರಣ ಇದೆ. ಮುಸ್ಲಿಂ ಲೀಗ್ 1948ರ ಮಾರ್ಚ್‌ನಲ್ಲಿ ಮದ್ರಾಸಿನಲ್ಲಿ ಹುಟ್ಟಿದ್ದು, ಬಾವುಟ ಹಸಿರು, ಮೇಲೆ ಅರ್ಧಚಂದ್ರ, ನಕ್ಷತ್ರ. ನಮ್ಮ ಊರಿನಲ್ಲಿ ಕರೆಂಟು ಕಂಬಕ್ಕೆ, ಬಸ್ ಸ್ಟಾಪಿನ ಗೋಡೆಗೆ ಅದೇ ಹಸಿರು. ರಾಜ್ಯ ರೈತ ಸಂಘ 1980ರದ್ದು. ಪ್ರೊಫೆಸರ್ ನಂಜುಂಡಸ್ವಾಮಿಯವರ ಹೆಸರಿನ ಜೊತೆಗೇ ಆ ಹಸಿರು ಶಾಲು ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಯಿತು. ಈಗ ಅಲ್ಲಿ ಯಾವ ಪಕ್ಷದ ರಾಜಕಾರಣಿಯಾದರೂ ರೈತರ ಸಭೆ ಅಂದರೆ ಹೆಗಲಿಗೆ ಹಸಿರು ಬರಲೇಬೇಕು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ದೇವರ ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಸರಕಾರ ಉಳಿದದ್ದು ಎರಡು ದಿನ, ಅದು ಬೇರೆ ವಿಷಯ. ನಮ್ಮೂರಿನ ಬಿಜೆಪಿಯವನೊಬ್ಬ ಅದೇ ಶಾಲು ಹೊದ್ದು ಕುಂಬಳೆ ಪೇಟೆಯಲ್ಲಿ ಸಂಜೆ ತಿರುಗಾಡಲಿ ನೋಡೋಣ. ಜಾಲ್ಸೂರು ದಾಟಿದರೆ ರೈತ, ಈಚೆ ಬಂದರೆ ಲೀಗ್. ಮಧ್ಯದಲ್ಲಿ ಒಂದು ಚೆಕ್‌ಪೋಸ್ಟ್.

ಇನ್ನೂ ಒಂದು ತಮಾಷೆ ಇದೆ. ಬಿಜೆಪಿಯ ಬಾವುಟವನ್ನು ಸರಿಯಾಗಿ ನೋಡಿದರೆ ಕೋಲಿನ ಕಡೆಗೆ ಒಂದು ಪಟ್ಟಿ ಹಸಿರೇ ಇದೆ. ಕಾಂಗ್ರೆಸ್ಸಿನ ಬಾವುಟದಲ್ಲೂ ಕೆಳಗೆ ಹಸಿರು. ಜೆಡಿಎಸ್ ಪೂರ್ತಿ ಹಸಿರು. ಬಣ್ಣವನ್ನು ಹಂಚಿಕೊಳ್ಳಲು ಯಾರಿಗೂ ತೊಂದರೆ ಇಲ್ಲ, ಬಾವುಟದಲ್ಲಿ ಇರುವವರೆಗೆ.

ಹಾಜಿಯವರ ಕಾಪಿ ಬಣ್ಣ

ಮದುವೆಗೆ ನಮ್ಮ ಅಡಿಕೆ ತೆಗೊಳ್ಳುವ ಹಾಜಿಯವರೂ ಬಂದಿದ್ದರು. ಅಪ್ಪನ ಕಾಲದಿಂದ ಅವರಿಗೇ ನಮ್ಮ ಅಡಿಕೆ. ಊಟ ಮುಗಿಸಿ ಹೊರಗೆ ಮರದಡಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವರು ನನ್ನ ಕರೆ ನೋಡಿ ನಕ್ಕರು. ನಾನೇ ಶುರು ಮಾಡಿದೆ, "ಹಾಜಿಯವರೇ, ಬೆಳಿಗ್ಗೆಯಿಂದ ನನ್ನನ್ನು ನಿಮ್ಮ ಪಕ್ಷಕ್ಕೆ ಸೇರಿಸ್ತಿದ್ದಾರೆ."

"ಸೇರಿ. ಮೆಂಬರ್‌ಶಿಪ್ ನಾನೇ ಕೊಡಿಸ್ತೇನೆ" ಅಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನೀವು ಉಟ್ರೆ ಜನ ನಗಾಡ್ತಾರೆ, ಅಷ್ಟೇ ಅಲ್ವಾ. ನಾನು ಹಸಿರು ಉಟ್ರೆ ಪಕ್ಕಾ ಲೀಗ್ ಅಂತಾರೆ. ಉಡದಿದ್ರೆ ಲೀಗ್ ಬಿಟ್ಟ, ಆಚೆ ಕಡೆ ಮಾತುಕತೆ ಆಗಿರ್ಬೇಕು ಅಂತಾರೆ. ವ್ಯಾಪಾರ ಮಾಡುವವನಿಗೆ ಎರಡೂ ಬೇಡ. ಹಾಗಾಗಿ ನೋಡಿ" ಅಂತ ಮುಂಡಿನ ಅಂಚು ಎತ್ತಿ ತೋರಿಸಿದರು. ಕಾಪಿ ಬಣ್ಣ. ನಾನು ದಿನಾ ಉಡುವ ಅದೇ ಕಾಪಿ ಬಣ್ಣ. ಎಷ್ಟು ವರ್ಷದಿಂದ ಅವರನ್ನು ನೋಡುತ್ತಿದ್ದೇನೆ, ಅವರ ಕರೆಯ ಬಣ್ಣದ ಹಿಂದೆ ಇಷ್ಟು ಲೆಕ್ಕ ಇದೆ ಅಂತ ಹೊಳೆದೇ ಇರಲಿಲ್ಲ. ನಾನು ಯಾಕೆ ಕಾಪಿ ಬಣ್ಣ ಉಡುತ್ತೇನೆ? ಕೊಳೆ ಕಾಣುವುದಿಲ್ಲ ಅಂತ ಹೇಳಿಕೊಳ್ಳುತ್ತಿದ್ದೆ. ಎರಡು ಬೆರಳಿನ ಕೊಳೆ ಮುಚ್ಚಿ ಏನಾಗಬೇಕು, ಉಳಿದದ್ದು ಪೂರ್ತಿ ಬಿಳಿಯೇ ಅಲ್ವಾ.

ಅವತ್ತಿನಿಂದ ನನಗೆ ಚಿನ್ನದ ಕರೆ ಬೇರೆ ತರ ಕಾಣಲು ಶುರುವಾಗಿದೆ. ಹಬ್ಬ, ಮದುವೆ, ಓಣಂ, ವಿಷು ಯಾವುದಕ್ಕೂ ಎಲ್ಲರೂ ಚಿನ್ನದ ಕರೆಗೇ ಹೋಗುವುದು ಅದು ಚಂದ ಇದೆ ಅಂತ ಮಾತ್ರವಾ? ಚಂದ ಇದೆ, ಒಪ್ಪಿದೆ. ಆದರೆ ಚಿನ್ನದ ಬಣ್ಣದ ಬಾವುಟ ನಮ್ಮಲ್ಲಿ ಯಾರಿಗೂ ಇಲ್ಲ. ಯಾರೂ ಕೇಳದ ಬಣ್ಣ ಅದೊಂದೇ. ಅಸಲಿ ಕಸವು, ಆ ಕರೆಯ ಚಿನ್ನದ ಜರಿ, ಅಂದರೆ ಬೆಳ್ಳಿಯ ತಂತಿಗೆ ಚಿನ್ನದ ಲೇಪ, ಸೂರತ್ತಿನಿಂದ ಬರುವುದು. ನಾವು ಉಡುವುದರಲ್ಲಿ ಅದೆಲ್ಲ ಎಲ್ಲಿಯದು, ಮಿಂಚುವ ಪ್ಲಾಸ್ಟಿಕ್ಕಿನ ದಾರ, ನಾಲ್ಕು ಸಲ ಇಸ್ತ್ರಿ ಮಾಡಿದರೆ ಮುದುಡುತ್ತದೆ. ಆದರೂ ಅದೇ. (ಕಸವು ನೇಯುವ ಕುತ್ತಾಂಪುಳ್ಳಿಯ ದೇವಾಂಗ ನೇಕಾರರು ಮೈಸೂರು ಕಡೆಯಿಂದ ಕೊಚ್ಚಿ ರಾಜರ ಕಾಲದಲ್ಲಿ ಬಂದವರು, ಮನೆಯಲ್ಲಿ ಈಗಲೂ ಒಂದು ತರದ ಕನ್ನಡ ಮಾತಾಡುತ್ತಾರೆ. ಮಲಯಾಳಿಯ ಅತಿ ಮಲಯಾಳಿ ಉಡುಗೆಯನ್ನು ನೇಯುವವರು ಕನ್ನಡದವರು ಅಂತ ಓಣಂ ದಿನ ಆಫೀಸಿನಲ್ಲಿ ಹೇಳಿ ನೋಡಿ, ಯಾರೂ ನಂಬುವುದಿಲ್ಲ.)

ಬಿಳಿ ಕೂಡ ಸುಮ್ನೆ ಬಂದದ್ದಲ್ಲ. ಮೊಣಕಾಲಿನ ಕೆಳಗೆ ಬಟ್ಟೆ ಇಳಿಸಲು ಜಾತಿ ನೋಡುತ್ತಿದ್ದ ನೆಲ ಇದು. ಪಾದದವರೆಗೆ ಬಿಳಿ ಮುಂಡು ಉಟ್ಟು ನಡೆಯುವುದು ಅಂದರೆ ಕೆಸರಿಗೆ ಇಳಿಯುವ ಕೆಲಸ ನನ್ನದಲ್ಲ ಅಂತ ಊರಿಗೆ ತಿಳಿಸುವುದು. ಅದಕ್ಕೇ ಆ ಬಿಳಿಯ ಮೇಲೆ ಇಷ್ಟು ಮೋಹ. ಮುಂಡು ಬೆಳ್ಳಗಿರಲಿ ಅಂತ ಹಿಂದೆ ನೀಲಿ ಪುಡಿ, 1983ರಲ್ಲಿ ತ್ರಿಶೂರಿನಲ್ಲಿ ಉಜಾಲಾ ಹುಟ್ಟಿದ ಮೇಲೆ ನಾಲ್ಕು ಹನಿ ಉಜಾಲಾ. ತೋಟಕ್ಕೆ ಹೋಗುವವರಿಗೆ ಕಾವಿ ಮುಂಡು ಇತ್ತು. ಅಪ್ಪ ಮನೆಯಲ್ಲಿ ಉಡುತ್ತಿದ್ದದ್ದು ಅದೇ, ಪಕ್ಕದ ಮನೆಯ ಕಟ್ಟಾ ಕಮ್ಯುನಿಸ್ಟರು ಉಡುತ್ತಿದ್ದದ್ದೂ ಅದೇ. ಕೆಂಪು ಮಣ್ಣಿನ ಊರಿಗೆ ಸರಿಯಾದ ಬಣ್ಣ, ಬಾಳೆಯ ಕಲೆ ಕೂಡ ಅಷ್ಟಾಗಿ ಕಾಣುವುದಿಲ್ಲ. ಈಗ ಕಾವಿ ಉಟ್ಟು ಪೇಟೆಗೆ ಇಳಿಯಲು ಜನ ಎರಡು ಸಲ ಯೋಚಿಸುತ್ತಾರೆ. ಕಪ್ಪು ಉಟ್ಟರೆ, ಅದರಲ್ಲೂ ನವೆಂಬರ್ ಮಧ್ಯದಿಂದ ಜನವರಿಯವರೆಗೆ, "ಸ್ವಾಮಿ, ಯಾವಾಗ ಮಲೆಗೆ?" ಹೀಗೆ ಒಂದೊಂದೇ ಬಣ್ಣ ಒಬ್ಬೊಬ್ಬರ ಹೆಸರಿಗೆ ರಿಜಿಸ್ಟ್ರಿ ಆಗುತ್ತಾ ಬಂತು, ಉಳಿದವರಿಗೆ ಕಾಪಿ ಬಣ್ಣ, ಬೂದು ಬಣ್ಣ, ಪ್ಲಾಸ್ಟಿಕ್ ಚಿನ್ನ.

ಹೆಂಗಸರಿಗೆ ಯಾಕೆ ಹೀಗಾಗಲಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಇಷ್ಟು. ಅವರ ಹತ್ತಿರ ಬಣ್ಣ ಧಾರಾಳವಾಗಿದೆ. ಇವತ್ತು ಹಸಿರು, ನಾಳೆ ಕೆಂಪು, ನಾಡಿದ್ದು ಎರಡೂ ಸೇರಿದ್ದು. ಅಷ್ಟು ಬಣ್ಣಕ್ಕೆ ಯಾರೂ ಅರ್ಥ ಹಚ್ಚಿ ಮುಗಿಸಲಾರರು. ನಾವು ಎಲ್ಲ ಬಿಟ್ಟುಕೊಟ್ಟು ಎರಡು ಬೆರಳಿಗೆ ಇಳಿದೆವು. ಅಷ್ಟರಲ್ಲೇ ಜಾತಿ, ಪಕ್ಷ, ದೇವರು ಎಲ್ಲವನ್ನೂ ಹೇಳಬೇಕು ಅಂದರೆ ಅದು ಕಿರಿಚುತ್ತದೆ. ಇನ್ನೊಂದು ಕಾರಣವೂ ಇರಬಹುದು, ಅಷ್ಟು ಒಳ್ಳೆಯದಲ್ಲ: ಹೆಂಗಸಿಗೆ ಸ್ವಂತ ಪಕ್ಷ ಇರಬಹುದು ಅಂತ ನಮ್ಮ ಊರಿಗೆ ಇನ್ನೂ ಅನಿಸಿಲ್ಲ. ಹಾಗಾಗಿ ಅವಳ ಸೀರೆಯನ್ನು ಯಾರೂ ಓದುವುದಿಲ್ಲ. ಇದನ್ನು ಹೆಂಡತಿಗೆ ಹೇಳಿದಾಗ, "ಓದದಿರುವುದೇ ಒಳ್ಳೆದು, ನಮ್ಗೆ ನೆಮ್ಮದಿ" ಅಂದಳು.

ಉಡುವವರಿಗೆ ಎರಡು ಮಾತು

ಇಷ್ಟು ಓದಿಯೂ ಯಾರಿಗಾದರೂ ಹಸಿರು ಕರೆಯ ಮುಂಡು ತೆಗೊಳ್ಳುವ ಮನಸ್ಸಿದ್ದರೆ ಗೊತ್ತಿದ್ದಷ್ಟು ಹೇಳುತ್ತೇನೆ. ಹಿಂದೆ ಗಿಡಮರದ ಬಣ್ಣದ ಕಾಲದಲ್ಲಿ ಹಸಿರು ನೇರವಾಗಿ ಸಿಗುತ್ತಿರಲಿಲ್ಲ. ನೂಲನ್ನು ನೀಲಿಯಲ್ಲಿ ಅದ್ದಿ, ಅದರ ಮೇಲೆ ಅರಸಿನದ್ದೋ ಹಲಸಿನ ಮರದ ತಿರುಳಿನದ್ದೋ ಹಳದಿ ಹತ್ತಿಸಬೇಕು. ಬಿಸಿಲಿಗೆ ಮೊದಲು ಹೋಗುವುದು ಹಳದಿ, ಹಾಗಾಗಿ ಹಳೆಯ ಹಸಿರು ಬರಬರುತ್ತಾ ನೀಲಿಗೆ ತಿರುಗುತ್ತದೆ. ಈಗಿನದ್ದು ಹಾಗಲ್ಲ. ಒಳ್ಳೆಯದು ವ್ಯಾಟ್ ಡೈ, ನಮ್ಮ ಕಾಸರಗೋಡು ಸೀರೆಗೆ ಹಾಕುವುದೂ ಅದೇ. ಆ ಬಣ್ಣ ನೀರಿಗೆ ಕರಗುವುದಿಲ್ಲ. ಕಾಸ್ಟಿಕ್ ಸೋಡಾ, ಹೈಡ್ರೋಸ್ ಹಾಕಿ ಕರಗಿಸಿ ನೂಲಿಗೆ ಹತ್ತಿಸುತ್ತಾರೆ. ಆಮೇಲೆ ಗಾಳಿ ತಾಗಿದಾಗ ನೂಲಿನ ಒಳಗೇ ಪುನಃ ಗಟ್ಟಿಯಾಗಿ ಕೂರುತ್ತದೆ, ಒಗೆದರೆ ಬಿಡುವುದಿಲ್ಲ. ಅಗ್ಗದ ಬಣ್ಣವಾದರೆ ಮೊದಲ ಒಗೆತಕ್ಕೇ ಬಿಳಿಯ ಮೇಲೆ ಹರಿದು, ಮುಂಡು ಪೂರ್ತಿ ಹಸಿರಾಗಿ, ಆಮೇಲೆ ನೀವು ನಿಜಕ್ಕೂ ಲೀಗಿಗೆ ಸೇರಬೇಕಾದೀತು. ಬೇರೆ ಬಕೆಟಿನಲ್ಲಿ ಒಗೆಯಿರಿ. ಬ್ಲೀಚಿಂಗ್ ಪೌಡರ್ ಮುಟ್ಟಿಸಬೇಡಿ. ನೆರಳಿನಲ್ಲಿ ಒಣಗಿಸಿ. ಅಂಗಿ ಹಸಿರು ಬೇಡ, ಓಣಂಗೆ ಕಾಲೇಜು ಹುಡುಗರು ಮ್ಯಾಚಿಂಗ್ ಹಾಕಿದ ಹಾಗೆ ಕಾಣುತ್ತದೆ. ಚಂದನದ ಬಣ್ಣದ ಅಂಗಿ ಸರಿಯಾಗುತ್ತದೆ. ಬಿಳಿಯೂ ಆದೀತು, ಆದರೆ ಬಿಳಿ ಅಂಗಿ, ಹಸಿರು ಕರೆ ಎರಡೂ ಸೇರಿದರೆ ಎಲ್ಲೋ ಭಾಷಣಕ್ಕೆ ಹೊರಟ ಹಾಗೆ.

ನಾನು ಈಗಲೂ ಉಡುತ್ತೇನೆ. ಬ್ಯಾಂಕಿಗೂ ಉಟ್ಟು ಹೋಗಿದ್ದೇನೆ. ಮೊದಲ ದಿನ ಮ್ಯಾನೇಜರ್ ಏನೋ ಕೇಳಲು ಬಾಯಿ ತೆರೆದು ಸುಮ್ಮನಾದರು. ಆಮೇಲೆ ಅಭ್ಯಾಸವಾಯಿತು. ದೇವಸ್ಥಾನಕ್ಕೂ ಉಟ್ಟೆ. ಅಲ್ಲಿ ಅಂಗಿ ತೆಗೆದು ನಿಂತ ಮೇಲೆ ಗಂಡಸರ ಮೈಯಲ್ಲಿ ಬಣ್ಣ ಅಂತ ಉಳಿಯುವುದು ಕರೆ ಒಂದೇ, ಹಾಗಾಗಿ ಸ್ವಲ್ಪ ಜಾಸ್ತಿಯೇ ನೋಡಿದರು. ಪ್ರಸಾದ ಎಲ್ಲರಿಗೆ ಕೊಟ್ಟಷ್ಟೇ ಕೊಟ್ಟರು.

ವೋಟಿನ ದಿನ ಮಾತ್ರ ಉಡಲಿಲ್ಲ. 2024ರ ಏಪ್ರಿಲ್ 26, ಲೋಕಸಭೆಯ ಮತದಾನ. ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ ಅಂತ ಕಾನೂನು, ಆದರೆ ಕರೆಯ ಬಣ್ಣದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸಾಲಿನಲ್ಲಿ ಎಲ್ಲ ಬಣ್ಣವೂ ಇತ್ತು. ನಾನು ಪ್ಯಾಂಟ್ ಹಾಕಿ ಹೋದೆ. ಬ್ಯಾಂಕಿನ ಕೆಲಸ, ನಾಳೆ ನಾಲ್ಕು ಜನರ ಬಾಯಿಗೆ ಬೀಳುವುದು ಯಾಕೆ ಅಂತ. ಹೆಂಡತಿ ಹಸಿರು ಚೌಕುಳಿಯ ಕಾಸರಗೋಡು ಸೀರೆ ಉಟ್ಟಿದ್ದಳು. ವಾಪಸು ಬರುವಾಗ ರಸ್ತೆಯ ಬದಿ ಮೇಜು ಹಾಕಿಕೊಂಡು ಕೂತಿದ್ದ ಕೇಸರಿ ಶಾಲಿನ ಹುಡುಗ ಒಬ್ಬ ಎದ್ದು ಬಂದು, "ಅಕ್ಕಾ, ಈ ಸೀರೆ ಎಲ್ಲಿ ಸಿಗ್ತದೆ? ಅಮ್ಮ ಸುಮಾರು ಸಮಯದಿಂದ ಕೇಳ್ತಿದ್ದಾರೆ" ಅಂದ. ವಿದ್ಯಾನಗರದಲ್ಲಿ, ಸೊಸೈಟಿಯಲ್ಲೇ ಕೇಳು, ಇದೇ ಹಸಿರು ಬೇಕು ಅಂದ್ರೆ ಬೇಗ ಹೋಗು ಅಂತ ಅವಳು ಹೇಳಿದಳು.